ಕಿವುಡರ ಕೂಟಕ್ಕೆ ಮೊದಲ ಸಲ ಹೊರಟವರಿಗೆ

ಭಾರತೀಯ ಸನ್ನೆ ಭಾಷೆ ಕಲಿಯೋಕೆ ಈಗ ಸಾಮಗ್ರಿಗೆ ಬರ ಇಲ್ಲ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ವಿಡಿಯೋ ನಿಘಂಟು ತಂದಿತು. 2021ರ ಹೊತ್ತಿಗೆ ಅದು 10,000 ಪದ ಮುಟ್ಟಿತು. ಅರಿಶಿನಕುಂಟೆಯ ಪಿಜಿ ರೂಮಲ್ಲಿ ಕೂತು ಮೊಬೈಲಲ್ಲೇ ಕಲಿಯಬಹುದು. ಆದ್ರೆ "ಭಾನುವಾರ ಬೆಂಗಳೂರಲ್ಲಿ ಕಿವುಡರ ಕೂಟ ಇದೆ, ಬರ್ತೀಯಾ?" ಅಂತ ಯಾರಾದ್ರೂ ಕರೆದರೆ ಸಾಕು, ಎಲ್ಲರಿಗೂ ತಕ್ಷಣ ಇಂಟರ್ನಲ್ಸ್ ನೆನಪಾಗುತ್ತೆ.

ಭಯ ಏನು ಅಂದ್ರೆ, ಸನ್ನೆ ತಪ್ಪಾಗುತ್ತೆ, ನಗ್ತಾರೆ ಅನ್ನೋದು. ತಪ್ಪಾಗುತ್ತೆ, ನಗ್ತಾರೆ, ತಿದ್ದುತ್ತಾರೆ. ಅಲ್ಲಿಗೆ ಆ ವಿಷಯ ಮುಗೀತು. ನಿಜವಾಗಿ ಯೋಚಿಸಬೇಕಾದದ್ದು ಬೇರೆ ಇದೆ.

2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಕರ್ನಾಟಕ ಹೈಕೋರ್ಟಿನಲ್ಲಿ ಸನ್ನೆ ಭಾಷೆಯಲ್ಲೇ ವಾದ ಮಂಡಿಸಿದರು. ದುಭಾಷಿ ಅದನ್ನು ಮಾತಿಗೆ ತಂದರು. ಅದು ಸುದ್ದಿಯಾಯಿತು. ಸುದ್ದಿಯಾಗೋಷ್ಟು ಅಪರೂಪ ಅಂತಲೇ ಅರ್ಥ. ಬ್ಯಾಂಕಲ್ಲಿ, ಆಸ್ಪತ್ರೆಯಲ್ಲಿ, ಕಾರ್ಖಾನೆಯ ಶಿಫ್ಟಲ್ಲಿ ಸಾಮಾನ್ಯ ಕಿವುಡ ವ್ಯಕ್ತಿಗೆ ದುಭಾಷಿ ಎಲ್ಲಿಂದ ಬರಬೇಕು? ವಾರವಿಡೀ ತುಟಿ ನೋಡಿ ಊಹಿಸಿ, ಚೀಟಿ ಬರೆದು ತೋರಿಸಿ ಸುಸ್ತಾದವರಿಗೆ ಕೂಟದ ಎರಡು ಮೂರು ಗಂಟೆ ಅಂದ್ರೆ ನಾವು ಊರಿಗೆ ಹೋಗಿ ಮನೆಮಾತು ಆಡಿದ ಹಾಗೆ. ಅಲ್ಲಿಗೆ ನಾಲ್ಕು ಜನ ಕಲಿಯುವವರು ನುಗ್ಗಿ, "ಇದಕ್ಕೆ ಸನ್ನೆ ಏನು? ಅದಕ್ಕೆ ಏನು?" ಅಂತ ಹಿಡ್ಕೊಂಡ್ರೆ ಅವರ ರಜೆ ನಮ್ಮ ಟ್ಯೂಷನ್ ಆಗಿಬಿಡುತ್ತೆ. ನಿಘಂಟಲ್ಲಿ ಸಿಗೋ ಪದವನ್ನು ಅಲ್ಲಿ ಕೇಳಬೇಡಿ.

ಹಾಗಾದ್ರೆ ಮಾಡೋದೇನು? ನೋಡೋದು. ವೈರ್‌ಲೆಸ್ ಪೇಪರ್ ಓದಿದವರಿಗೆ ಹೇಳೋದಾದ್ರೆ ಇದು ಪೂರ್ತಿ ಲೈನ್ ಆಫ್ ಸೈಟ್ ಚಾನೆಲ್. ನಾವು ಮಾತಾಡುವಾಗ ಮೊಬೈಲ್ ನೋಡ್ತಾ "ಹ್ಞೂಂ, ಹೇಳು" ಅಂತೀವಲ್ಲ, ಅಲ್ಲಿ ಅದು ನಡೆಯಲ್ಲ. ಕಣ್ಣು ಪಕ್ಕಕ್ಕೆ ಹೋಯ್ತು ಅಂದ್ರೆ ಎದುರಿನವರ ಮಾತಿನ ಮಧ್ಯೆ ಕಿವಿ ಮುಚ್ಕೊಂಡ ಹಾಗೆ. ಇನ್ನೊಂದು, ಹೊಸಬರು ಕೈ ಮೇಲೇ ಕಣ್ಣು ನೆಡ್ತಾರೆ. ಮುಖ ನೋಡಿ, ಕೈ ತಾನಾಗೇ ಕಾಣುತ್ತೆ. ಹುಬ್ಬು ಮೇಲೇರಿದ್ರೆ ಅದು ಹೌದು-ಇಲ್ಲ ಅಂತ ಉತ್ತರ ಬಯಸುವ ಪ್ರಶ್ನೆ. ಕೈ ಮಾತ್ರ ನೋಡಿದವರಿಗೆ ಅದೇ ವಾಕ್ಯ ಹೇಳಿಕೆ ಥರ ಕಾಣುತ್ತೆ.

ಕರೆಯಬೇಕಾದ್ರೆ ಭುಜ ಮೆಲ್ಲಗೆ ತಟ್ಟಿ, ದೂರ ಇದ್ರೆ ಕೈ ಬೀಸಿ, ಇಲ್ಲವೇ ಟೇಬಲ್ ತಟ್ಟಿ, ಅದುರೋದು ಗೊತ್ತಾಗುತ್ತೆ. ಇಬ್ಬರು ಮಾತಾಡ್ತಿದ್ದಾಗ ಮಧ್ಯೆ ದಾಟಬೇಕಾಗಿ ಬಂದ್ರೆ ಸುಮ್ನೆ ದಾಟಿ. ನಡುವೆ ನಿಂತು "ಸಾರಿ, ಸಾರಿ" ಅಂತ ಕೈ ಮುಗಿದ್ರೆ ಅಷ್ಟು ಹೊತ್ತೂ ಅವರ ಮಾತಿಗೆ ಅಡ್ಡ. ಚಪ್ಪಾಳೆ ಅಂದ್ರೆ ಎರಡೂ ಕೈ ಮೇಲೆತ್ತಿ ಅಲ್ಲಾಡಿಸೋದು.

ವ್ಯಾಕರಣದಲ್ಲಿ ಕನ್ನಡದವರಿಗೆ ಸ್ವಲ್ಪ ಲಾಭ ಇದೆ. "ಬೇಡ", "ಇಲ್ಲ" ನಮ್ಮ ಹಾಗೇ ಕೊನೆಗೆ. ಆದ್ರೆ ಪ್ರಶ್ನೆಯ ಪದವೂ ಕೊನೆಗೇ ಹೋಗುತ್ತೆ: "ನೀನು ಹೋಗು ಎಲ್ಲಿ?" ಇನ್ನೂ ಚೆಂದದ ವಿಷಯ ಅಂದ್ರೆ, ಹಲವರ ಬಳಕೆಯಲ್ಲಿ ಒಂದೇ ಪ್ರಶ್ನೆ-ಸನ್ನೆಗೆ ಇನ್ನೊಂದು ಸೇರಿ ಉಳಿದವು ಹುಟ್ಟುತ್ತವೆ. ಮುಖ ಮತ್ತು ಏನು ಸೇರಿದ್ರೆ ಯಾರು. ಜಾಗ ಮತ್ತು ಏನು ಸೇರಿದ್ರೆ ಎಲ್ಲಿ. ಸಮಯ ಮತ್ತು ಏನು ಸೇರಿದ್ರೆ ಯಾವಾಗ. ಬೆರಳಕ್ಷರ ಎರಡು ಕೈಯದು, ಬ್ರಿಟಿಷ್ ಪದ್ಧತಿಯಿಂದ ಬಂದದ್ದು. ಅಮೆರಿಕದ ಒಂಟಿ ಕೈ ಅಕ್ಷರಗಳನ್ನು ಯೂಟ್ಯೂಬಲ್ಲಿ ಕಲಿತು ಬರಬೇಡಿ. ಸ್ವರಗಳು ಐದು ಬೆರಳ ತುದಿಯಲ್ಲಿವೆ: ಎ ಹೆಬ್ಬೆರಳು, ಯು ಕಿರುಬೆರಳು. 2024ರ ನವೆಂಬರ್‌ನಿಂದ ಮಾದಾವರದ ತನಕ ಮೆಟ್ರೋ ಬಂದಿದೆಯಲ್ಲ, ಅಲ್ಲಿಂದ ಹತ್ತಿ ಸ್ಟೇಷನ್ ಹೆಸರುಗಳನ್ನೇ ಬೆರಳಲ್ಲಿ ಬರೀತಾ ಹೋಗಿ. ಚಿಕ್ಕಬಿದರಕಲ್ಲು ಮುಗಿಸೋ ಹೊತ್ತಿಗೆ ಪೀಣ್ಯ ಬಂದಿರುತ್ತೆ.

ಮೊದಲ ಸಲಕ್ಕೆ ಸೆಪ್ಟೆಂಬರ್ ಕೊನೆಯ ವಾರ ಒಳ್ಳೇದು. ಅದು ಅಂತರರಾಷ್ಟ್ರೀಯ ಕಿವುಡರ ವಾರ. 23ನೇ ತಾರೀಕು ವಿಶ್ವಸಂಸ್ಥೆ 2018ರಿಂದ ಆಚರಿಸುತ್ತಿರುವ ಸನ್ನೆ ಭಾಷೆಗಳ ದಿನ. ಹೋಗೋದಾದ್ರೆ ಇಬ್ಬರೇ ಹೋಗಿ, ಹೋದ ಮೇಲೆ ಬೇರೆ ಬೇರೆ ಕೂತ್ಕೊಳ್ಳಿ. ಒಟ್ಟಿಗೆ ಕೂತ್ರೆ ಹತ್ತು ನಿಮಿಷದಲ್ಲಿ ಬಾಯಿ ಮಾತು ಶುರುವಾಗುತ್ತೆ. ಕಿವುಡರಿರೋ ಮೇಜಲ್ಲಿ ಅದು ಗುಟ್ಟು ಮಾತಾಡಿದ ಹಾಗೆ. ಅರ್ಥವಾಗದೆ ಇದ್ದಾಗ ತಲೆ ಆಡಿಸಬೇಡಿ, "ಇನ್ನೊಮ್ಮೆ" ಅನ್ನಿ. ಸುಳ್ಳು ತಲೆಯಾಟವನ್ನು ಅವರು ವಾರವಿಡೀ ನೋಡಿರ್ತಾರೆ. ಇನ್ನು "ಮೂಗ" ಅನ್ನೋ ಪದವನ್ನು ಮನೆಯಲ್ಲೇ ಬಿಟ್ಟು ಹೋಗಿ. ಭಾಷೆ ಇರೋರನ್ನ ಹಾಗೆ ಕರೆಯೋದು ಹೇಗೆ?

ಕೊನೆಗೆ, ವಿದಾಯ. ಮದುವೆ ಮನೆಯಲ್ಲಿ ನಮ್ಮ ಅಜ್ಜಿ "ಬರ್ತೀನಿ" ಅಂದ ಮೇಲೆ ಮುಕ್ಕಾಲು ಗಂಟೆ ಬಾಗಿಲಲ್ಲೇ ನಿಂತಿರ್ತಾರಲ್ಲ, ಇಲ್ಲೂ ಅದೇ. ಒಬ್ಬೊಬ್ಬರಿಗೂ ಎದುರು ನಿಂತು ಹೇಳಬೇಕು, ಅಲ್ಲೊಂದು ಹೊಸ ಕಥೆ ಶುರುವಾಗುತ್ತೆ. ಹಾಗಾಗಿ ನೆಲಮಂಗಲದ ಕಡೆ ಬಸ್ ಹಿಡಿಯೋರು ಹೊರಡೋಕೆ ಒಂದು ಗಂಟೆ ಮುಂಚೆಯೇ "ಬರ್ತೀನಿ" ಅನ್ನೋಕೆ ಶುರು ಮಾಡಿ.