ಒದ್ದೆ ಮಣ್ಣಿನಲ್ಲಿ ಬಾಡುವ ತುಳಸಿ

ಪ್ರಶ್ನೆ: ಆನೇಕಲ್ ತಾಲ್ಲೂಕಿನ ಚಂದಾಪುರದಲ್ಲಿ, ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೇವೆ. ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ನನಗೆ ಪಾಳಿ ಕೆಲಸ. ಕನಕಪುರದ ಕಡೆಯ ಹಳ್ಳಿಯಿಂದ ಅತ್ತೆ ಬಂದು ನಮ್ಮ ಜೊತೆ ಇದ್ದಾರೆ. ದಿನಾ ಸ್ನಾನ ಮಾಡಿ ಬಾಲ್ಕನಿಯ ತುಳಸಿಗೆ ಒಂದು ಚೊಂಬು ನೀರು ಹಾಕಿ ಪೂಜೆ ಮಾಡುತ್ತಾರೆ. ಎಲೆ ಬಾಡಿದ್ದು ಕಂಡರೆ ಸಂಜೆ ನಾನೂ ಹಾಕುತ್ತೇನೆ. ಆದರೂ ಮೂರು ಗಿಡ ಹೋದವು, ನಾಲ್ಕನೆಯದೂ ಹಳದಿಯಾಗಿ ತಲೆ ಬಾಗಿಸಿದೆ. ‘ಮಡಿ ಮೈಲಿಗೆ ನೋಡದ ಮನೆಯಲ್ಲಿ ತುಳಸಿ ನಿಲ್ಲಲ್ಲ’ ಎಂದು ಅತ್ತೆ ನೊಂದುಕೊಳ್ಳುತ್ತಾರೆ. ಆ ಮಾತು ನನಗೇ ಅಂದಹಾಗಿರುತ್ತದೆ. ಏನು ಮಾಡಲಿ?

ಉತ್ತರ: ತಂಗೀ, ಮೊದಲು ಮನಸ್ಸಿನ ಭಾರ ಇಳಿಸಿಕೊಳ್ಳಿ. ನಿಮ್ಮ ಮಡಿ ಮೈಲಿಗೆಗೂ ಆ ಗಿಡಗಳಿಗೂ ಸಂಬಂಧವಿಲ್ಲ. ನೀವು ಬರೆದ ಲಕ್ಷಣ ನೋಡಿದರೆ ಅವು ಹೋದದ್ದು ಬೇರು ಕೊಳೆತು.

ನಿಮ್ಮ ಅತ್ತೆಯವರ ರೂಢಿಯೂ ತಪ್ಪಲ್ಲ. ಹಳ್ಳಿಮನೆಯ ಬೃಂದಾವನ ಅಂಗಳದ ನೆಲದ ಮೇಲೆ ಕಟ್ಟಿದ್ದು. ಒಳಗಿನ ಮಣ್ಣು ಕೆಳಗಿನ ಭೂಮಿಗೆ ಕೂಡಿಕೊಂಡಿರುತ್ತದೆ, ಸುರಿದ ನೀರು ಆಳಕ್ಕೆ ಇಳಿದುಹೋಗುತ್ತದೆ. ಬಾಲ್ಕನಿಯ ಕುಂಡಕ್ಕೆ ತಳವಿದೆ. ಕೆಳಗಿನ ಮನೆಯವರಿಗೆ ನೀರು ಸೋರಬಾರದೆಂದು ಆ ತಳದ ಕೆಳಗೆ ತಟ್ಟೆಯನ್ನೂ ಇಟ್ಟಿರುತ್ತೇವೆ. ಪೂಜೆ ಅದೇ, ಚೊಂಬೂ ಅದೇ. ನೀರಿಗೆ ಹೋಗಲು ದಾರಿ ಮಾತ್ರ ಇಲ್ಲ.

ಬೇರಿಗೂ ಉಸಿರಾಟ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ. ಅಲ್ಲೆಲ್ಲ ಸದಾ ನೀರೇ ತುಂಬಿದ್ದರೆ ಆಮ್ಲಜನಕ ಸಿಗದೆ ಬೇರಿನ ತುದಿಗಳು ಸಾಯುತ್ತವೆ. ಸೊರಗಿದ ಬೇರಿಗೆ ಪಿಥಿಯಂ, ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಗಳು ಮುತ್ತುತ್ತವೆ. ಇವುಗಳ ಬೀಜಾಣುಗಳು ನೀರಿನಲ್ಲಿ ಈಜಿಕೊಂಡೇ ಬೇರನ್ನು ತಲುಪುವಂಥವು. ಮಲೆನಾಡಿನ ಅಡಿಕೆಗೆ ಕೊಳೆರೋಗ, ಕರಿಮೆಣಸಿಗೆ ಸೊರಗುರೋಗ ತರುವುದೂ ಫೈಟಾಫ್ತೊರಾ ಬಳಗವೇ. ಮಳೆ ಹಿಡಿಯುವ ಮುಂಚೆ ತೋಟದವರು ಬಸಿಗಾಲುವೆ ಬಿಡಿಸಲು ಅದೂ ಒಂದು ಕಾರಣ. ನಿಮ್ಮ ಕುಂಡಕ್ಕೂ ಬೇಕಾದದ್ದು ಬಸಿಯುವ ದಾರಿ.

ಬೇರು ಹೋದ ಗಿಡ ನೀರನ್ನು ಮೇಲಕ್ಕೆ ಎಳೆಯಲಾರದು. ಹೀಗಾಗಿ ಒದ್ದೆ ಮಣ್ಣಿನಲ್ಲಿ ನಿಂತೇ ಬಾಡುತ್ತದೆ. ನೋಡುವವರಿಗೆ ಅದು ಬಾಯಾರಿಕೆ ಅನಿಸುತ್ತದೆ. ಸಂಜೆ ನೀವು ಹಾಕಿದ ನೀರು ಕೇಡು ಮಾಡಿದ್ದು ಇಲ್ಲಿ. ಇನ್ನು ಮೇಲೆ ಎಲೆ ನೋಡಿ ನೀರು ಹಾಕಬೇಡಿ, ಮಣ್ಣು ಮುಟ್ಟಿ ಹಾಕಿ. ಬೆರಳನ್ನು ಎರಡು ಗೆಣ್ಣು ಆಳಕ್ಕೆ ಇಳಿಸಿ. ತಂಪಾಗಿ ಅಂಟಿದರೆ ಅಂದು ಬೇಡ. ಕುಂಡವನ್ನು ಎತ್ತಿ ನೋಡುವುದೂ ಒಳ್ಳೆಯ ಅಭ್ಯಾಸ. ಒಣಗಿದಾಗಿನ ಹಗುರ ಕೈಗೆ ಬೇಗ ಗೊತ್ತಾಗಿಬಿಡುತ್ತದೆ.

ಈಗಿರುವ ಗಿಡವನ್ನು ಇಂದೇ ಹೊರತೆಗೆಯಿರಿ. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಬದುಕಿದೆ. ಕಂದಾಗಿ ಲೋಳೆಯಾಗಿ, ಎಳೆದರೆ ಸಿಪ್ಪೆ ಜಾರಿ ನಡುವಿನ ನಾರಷ್ಟೇ ಉಳಿದರೆ ಅದು ಕೊಳೆತದ್ದು. ಅಂಥದ್ದನ್ನೆಲ್ಲ ಶುಚಿಯಾದ ಕತ್ತರಿಯಲ್ಲಿ ಕತ್ತರಿಸಿ, ಹೊಸ ಮಣ್ಣಿನಲ್ಲಿ, ಉಳಿದ ಬೇರಿಗೆ ಸಾಲುವಷ್ಟೇ ಸಣ್ಣ ಕುಂಡದಲ್ಲಿ ನೆಡಿ. ಕೆಲವು ದಿನ ನೆರಳಿನಲ್ಲಿಡಿ. ಚೇತರಿಸಿಕೊಳ್ಳುವ ತನಕ ಗೊಬ್ಬರ ಕೊಡಬೇಡಿ. ಜೊತೆಗೆ ಹಸಿರಾಗಿರುವ ಎರಡು ಮೂರು ಕುಡಿಗಳನ್ನು ಚಿವುಟಿ, ಕೆಳಗಿನ ಎಲೆ ತೆಗೆದು, ಒಂದು ಲೋಟ ನೀರಿನಲ್ಲಿ ನಿಲ್ಲಿಸಿ. ತುಳಸಿ ಹೀಗೂ ಬೇರು ಬಿಡುತ್ತದೆ. ಬುಡ ಹೋದರೂ ಅತ್ತೆ ಪೂಜಿಸಿದ ಅದೇ ಗಿಡ ಮನೆಯಲ್ಲಿ ಉಳಿಯುತ್ತದೆ.

ಮಣ್ಣಿನ ವಿಷಯದಲ್ಲಿ ತುಸು ಹಟ ಹಿಡಿಯಿರಿ. ನಮ್ಮ ಕಡೆಯ ಕೆಂಪು ಮಣ್ಣು ಚೆನ್ನಾದದ್ದೇ, ಆದರೆ ಬರೀ ಅದನ್ನೇ ಕುಂಡಕ್ಕೆ ತುಂಬಿದರೆ ನೀರು ಹಾಕಿ ಹಾಕಿ ಗಟ್ಟಿಯಾಗುತ್ತದೆ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ದಪ್ಪ ಮರಳು ಸಮಪಾಲು ಬೆರೆಸಿ. ಎಂ-ಸ್ಯಾಂಡ್ ಆದರೆ ಧೂಳು ಹೋಗುವಂತೆ ತೊಳೆದುಕೊಳ್ಳಿ. ನರ್ಸರಿಯ ಗಿಡ ಬರೀ ಕೊಕೊಪೀಟ್‌ನಲ್ಲಿ ಬಂದಿದ್ದರೆ ಅದನ್ನು ಆದಷ್ಟು ಉದುರಿಸಿ ನೆಡಿ. ಸುತ್ತಲಿನ ಮಣ್ಣು ಒಣಗಿದರೂ ನಡುವಿನ ಆ ಉಂಡೆ ಒದ್ದೆಯಾಗಿಯೇ ಇರಬಹುದು. ತಳದಲ್ಲಿ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಯವಾದ ಮಣ್ಣಿನ ನೀರು ಜಲ್ಲಿಯ ದೊಡ್ಡ ಸಂದುಗಳಿಗೆ ಸುಲಭವಾಗಿ ಇಳಿಯದೆ ಅದರ ಮೇಲೆಯೇ ನಿಲ್ಲುತ್ತದೆ. ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ತೂತಿನ ಮೇಲೆ ಒಂದು ಓಡಿನ ಚೂರು ಸಾಕು. ಪ್ಲಾಸ್ಟಿಕ್ಕಿಗಿಂತ ಮಣ್ಣಿನ ಕುಂಡ ಮೇಲು, ಅದರ ಮೈಯಿಂದಲೂ ನೀರು ಆರುತ್ತದೆ.

ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಇಂಥ ಪುಡಿಗಳನ್ನು ರೂಪಿಸಿದೆ. ಹೊಸ ಮಣ್ಣಿಗೆ ಬೆರೆಸಿದರೆ ಕಾಪಾಡುತ್ತದೆ. ಕೊಳೆತ ಬೇರನ್ನು ಅದು ಬದುಕಿಸುವುದಿಲ್ಲ.

ಆನೇಕಲ್ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ್ದು. ಜೂನ್‌ನಿಂದ ಮೋಡ ಮುಸುಕಿದ ದಿನಗಳು, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಜೋರು ಮಳೆ. ಆಗ ಕುಂಡ ಆರುವುದೇ ನಿಧಾನ. ತುಳಸಿ ಹಬ್ಬ ಕಳೆದು ಚಳಿ ಬಂತೆಂದರೆ ಗಿಡ ಕದಿರು ಬಿಟ್ಟು ತಾನಾಗಿಯೇ ಸೊರಗುತ್ತದೆ. ಗಾಬರಿಯಾಗಬೇಡಿ, ಕದಿರು ಚಿವುಟಿ, ಬಿಸಿಲಿಗೆ ಸರಿಸಿ.

ಅತ್ತೆಯವರಿಗೆ ‘ನೀರು ಹಾಕಬೇಡಿ’ ಎಂದು ಮಾತ್ರ ಹೇಳಬೇಡಿ. ಅವರ ದಿನ ಶುರುವಾಗುವುದೇ ಆ ಚೊಂಬಿನಿಂದ. ಗಿಡವನ್ನು ಕಿತ್ತಾಗ ಪಕ್ಕದಲ್ಲಿ ಕೂರಿಸಿಕೊಂಡು ಬೇರು ತೋರಿಸಿ. ಮಣ್ಣು ಕಂಡ ಕೈಗಳಿಗೆ ಹೆಚ್ಚು ಹೇಳಬೇಕಾಗಿಲ್ಲ. ಆಮೇಲೆ, ‘ಅತ್ತೆ, ದಿನಾ ಉದ್ಧರಣೆಯಲ್ಲಿ ಒಂದು ಹನಿ ಬುಡಕ್ಕೆ ಬಿಡೋಣ, ಉಳಿದ ನೀರು ದಾಸವಾಳಕ್ಕೋ ಬಕೆಟ್ಟಿಗೋ ಹಾಕೋಣ, ತುಂಬ ನೀರು ಯಾವತ್ತು ಬೇಕು ಅಂತ ನೀವೇ ಮುಟ್ಟಿ ಹೇಳಿ’ ಎನ್ನಿ. ಆ ಲೆಕ್ಕ ಅವರ ಕೈಯಲ್ಲೇ ಇರಲಿ, ಸಂಜೆಯ ನೀರು ನೀವು ಬಿಟ್ಟುಬಿಡಿ. ತಟ್ಟೆಯಲ್ಲಿ ನಿಂತದ್ದನ್ನು ಮಾತ್ರ ಅರ್ಧ ಗಂಟೆಯೊಳಗೆ ಯಾರಾದರೊಬ್ಬರು ಚೆಲ್ಲಬೇಕು. ಸತ್ತ ಗಿಡಗಳ ಹಳೆಯ ಮಣ್ಣನ್ನು ಹೊಸ ಕುಂಡಕ್ಕೆ ಬಳಸಬೇಡಿ, ಖಾಲಿ ಕುಂಡವನ್ನು ಉಜ್ಜಿ ತೊಳೆದು ಒಂದೆರಡು ದಿನ ಬಿಸಿಲಿನಲ್ಲಿ ಒಣಗಿಸಿ.