ಹೃದಯದ ಮಾದರಿ ಮುದ್ರಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ವಿಜ್ಞಾನ ಶಿಕ್ಷಕರು, ಕೊಪ್ಪದ ಆಯುರ್ವೇದ ಕಾಲೇಜಿನಲ್ಲಿ ಶರೀರ ರಚನೆ ಕಲಿಸುವವರು ಮತ್ತು ತ್ರೀಡಿ ಪ್ರಿಂಟರ್ ಇಟ್ಟುಕೊಂಡಿರುವ ಎಲ್ಲರ ಗಮನಕ್ಕೆ.

ಪುಸ್ತಕದ ಚಿತ್ರದಲ್ಲಿ ಹೃದಯದ ನಾಲ್ಕು ಕೋಣೆಗಳು ಅಕ್ಕಪಕ್ಕ ನೇರವಾಗಿ ಕೂತಿರುತ್ತವೆ. ಎದೆಯೊಳಗಿನ ಹೃದಯ ಓರೆಯಾಗಿದೆ, ತಿರುಚಿಕೊಂಡಿದೆ; ಬಲ ಹೃತ್ಕುಕ್ಷಿ ಮುಂದೆ ಬಂದು ಎಡದ್ದನ್ನು ಬಳಸಿಕೊಂಡಿದೆ. ಕೈಯಲ್ಲಿ ಹಿಡಿದು ತಿರುಗಿಸಿದವರಿಗೆ ಮಾತ್ರ ಇದು ತಲೆಗೆ ಹೋಗುತ್ತದೆ. ಮಾದರಿ ಬೇಕೇಬೇಕು. ಆದರೆ ತಪ್ಪು ಸಾಮಗ್ರಿಯಲ್ಲಿ ಮಾಡಿದ ಮಾದರಿ ತಪ್ಪನ್ನೇ ಕಲಿಸುತ್ತದೆ, ಅದಕ್ಕೇ ಈ ಸೂಚನೆಗಳು ಬಿಗಿಯಾಗಿವೆ.

ಮಾಡಬೇಕಾದ್ದು: ಮೊದಲು ಕೆಲಸ ಗೊತ್ತುಮಾಡಿಕೊಳ್ಳಿ, ಸಾಮಗ್ರಿ ಆಮೇಲೆ. ನೋಡಿ ಕಲಿಯಲಿಕ್ಕೆ ಒಂದು, ಒತ್ತಿ ಕಲಿಯಲಿಕ್ಕೆ ಇನ್ನೊಂದು, ಕೊಯ್ದು ಹೊಲಿಗೆ ಹಾಕಲಿಕ್ಕೆ ಮತ್ತೊಂದು. ಕೋಣೆ, ಕವಾಟ, ಮಹಾಪಧಮನಿ ಎಲ್ಲೆಲ್ಲಿವೆ ಎಂದು ತೋರಿಸಲು ಪಿಎಲ್‌ಎ ಪ್ಲಾಸ್ಟಿಕ್ ಸಾಕು. ಅಗ್ಗ, ನಾಜಲ್ 200 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಲೀಸಾಗಿ ಬರುತ್ತದೆ. 60 ಡಿಗ್ರಿಗೆ ಮೆತ್ತಗಾಗುವುದರಿಂದ ಬಿಸಿಲಲ್ಲಿ ನಿಲ್ಲಿಸಿದ ಜೀಪಿನೊಳಗೆ ಬಿಟ್ಟು ಹೋಗಬೇಡಿ. ತರಗತಿಯಿಂದ ತರಗತಿಗೆ ಓಡಾಡಿ ಕೈಜಾರಿ ಬೀಳುವಂಥ ಮಾದರಿಯಾದರೆ ಪಿಇಟಿಜಿ ಹಾಕಿ.

ಮಾಡಬಾರದ್ದು: ಗೋಡೆಯ ದಪ್ಪ ಬದಲಿಸಬೇಡಿ. ದೊಡ್ಡವರಲ್ಲಿ ಎಡ ಹೃತ್ಕುಕ್ಷಿಯ ಗೋಡೆ ಸುಮಾರು 1 ಸೆಂಟಿಮೀಟರ್, ಬಲದ್ದು 3ರಿಂದ 5 ಮಿಲಿಮೀಟರ್. ಎಡದ್ದು ಇಡೀ ಮೈಗೆ ರಕ್ತ ತಳ್ಳಬೇಕು, ಬಲದ್ದು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು. ಮುದ್ರಣ ಸಲೀಸಾಗಲೆಂದು ಎರಡನ್ನೂ ಒಂದೇ ದಪ್ಪ ಮಾಡಿದರೆ ಪಾಠದ ತಿರುಳೇ ಹೋಯಿತು. ಬಲಭಾಗಕ್ಕೆ ನೀಲಿ ಬಳಿಯುವುದು ಪುಸ್ತಕದ ಪದ್ಧತಿ. ನಿಜದ ಹೃದಯ ಕೆಂಗಂದು, ಮೇಲೆ ಹಳದಿ ಕೊಬ್ಬು. ನೀಲಿ ಬಳಿದರೆ ಅದು ಗುರುತಿಗೆ ಮಾತ್ರ ಎಂದು ಮಕ್ಕಳಿಗೆ ಬಾಯಿಬಿಟ್ಟು ಹೇಳಿ.

ಈಗ ಮಳೆಗಾಲದ ಮಾತು. ಫಿಲಮೆಂಟ್ ಪೊಟ್ಟಣದ ಮೇಲಿನ ಸೂಚನೆಗಳು ನಮ್ಮ ಹವೆಯನ್ನು ನೋಡಿ ಬರೆದವಲ್ಲ. ಆಗುಂಬೆಯ ಮಗ್ಗುಲಲ್ಲಿ, ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರುಗಳಲ್ಲಿ, ಫಿಲಮೆಂಟ್ ಸುರುಳಿಯನ್ನು ಒಂದು ರಾತ್ರಿಯೂ ತೆರೆದಿಡಬಾರದು. ಬಾಗುವ ಟಿಪಿಯು ಅಂತೂ ಥಂಡಿಗೆ ಇಟ್ಟ ಹಪ್ಪಳದ ಹಾಗೆ ನೀರು ಎಳೆದುಕೊಳ್ಳುತ್ತದೆ. ಆಮೇಲೆ ನಾಜಲ್‌ನಲ್ಲಿ ಚಟಪಟ ಸದ್ದು, ಮಾದರಿಯ ತುಂಬ ಗುಳ್ಳೆ, ಕೂದಲಿನಂಥ ಎಳೆಗಳು, ಪದರಕ್ಕೆ ಪದರ ಅಂಟದೆ ಬಿರುಕು. ಮುದ್ರಿಸುವ ಮೊದಲು ಟಿಪಿಯು ಅನ್ನು 50ರಿಂದ 55 ಡಿಗ್ರಿಯಲ್ಲಿ ನಾಲ್ಕಾರು ಗಂಟೆ ಒಣಗಿಸಿ, ಡ್ರೈಯರ್ ಪೆಟ್ಟಿಗೆಯಿಂದಲೇ ನೇರವಾಗಿ ಪ್ರಿಂಟರ್‌ಗೆ ಎಳೆಯಿರಿ. ಪಿಎಲ್‌ಎಗೆ 45 ಡಿಗ್ರಿ ಸಾಕು. ಸುರುಳಿಯನ್ನು ಅಡಿಕೆ ಡ್ರೈಯರ್‌ನಲ್ಲಿಯೋ ಒಲೆಯ ಮೇಲಿನ ಅಟ್ಟದಲ್ಲಿಯೋ ಇಡಬೇಡಿ. ಅಲ್ಲಿ ಕಾವು ಹತೋಟಿಯಲ್ಲಿರುವುದಿಲ್ಲ, ಹೊಗೆಯ ಜಿಡ್ಡೂ ಹತ್ತುತ್ತದೆ. ನೀರಲ್ಲಿ ಕರಗುವ ಪಿವಿಎ ಎಂಬ ಸಾಮಗ್ರಿಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಳ್ಳಲೇಬೇಡಿ, ಅದು ಗಾಳಿಯ ತೇವಕ್ಕೇ ಹಾಳಾಗುತ್ತದೆ.

ಪೂರ್ಣ ಗಾತ್ರದ ಹೃದಯಕ್ಕೆ ಹಲವು ಗಂಟೆ ಹಿಡಿಯುತ್ತದೆ, ಕರೆಂಟು ಅಷ್ಟು ಹೊತ್ತು ಕಾಯುವುದಿಲ್ಲ. ಯುಪಿಎಸ್ ಇಲ್ಲದಿದ್ದರೆ ಎರಡು ಹೋಳಾಗಿ ಮುದ್ರಿಸಿ. ಒಳಗಿನ ಕೋಣೆ ಕಾಣಲು ಹೋಳೇ ಒಳ್ಳೆಯದು.

ಮಾಡಬಾರದ್ದು: ಟಿಪಿಯು ಬಾಗುತ್ತದೆ ಎಂದು ಅದನ್ನು ಮಾಂಸ ಎಂದುಕೊಳ್ಳಬೇಡಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಶೋರ್ 95ಎ ಗಡಸಿನದು. ಗೋಡೆ ತೆಳುವಾಗಿಸಿ ಒಳಗೆ ಟೊಳ್ಳು ಬಿಟ್ಟರೆ ಒತ್ತಿದಾಗ ತಗ್ಗುತ್ತದೆ, ಅಷ್ಟೇ. ಕತ್ತರಿಗೆ, ಸೂಜಿಗೆ ಅದು ಪ್ಲಾಸ್ಟಿಕ್ಕೇ.

ಮಾಡಬೇಕಾದ್ದು: ನಿಜವಾಗಿ ಮೆತ್ತಗಿನ ಹೃದಯ ಬೇಕಾದರೆ ಹೃದಯವನ್ನು ಮುದ್ರಿಸಬೇಡಿ, ಅಚ್ಚನ್ನು ಮುದ್ರಿಸಿ ಅದರ ಮೇಲೆ ಸಿಲಿಕೋನ್ ಬಳಿಯಿರಿ. ನಮ್ಮ ಊರುಗಳ ಮಟ್ಟಿಗೆ ಇದೇ ಸರಿಯಾದ ದಾರಿ. ಒಳಗಿನ ರಕ್ತದ ಜಾಗದ ಆಕಾರವನ್ನು ಪಿಎಲ್‌ಎಯಲ್ಲಿ ಮುದ್ರಿಸಿ, ಮರಳು ಕಾಗದ ಉಜ್ಜಿ, ಅಕ್ರಿಲಿಕ್ ಲ್ಯಾಕರ್ ಹೊಡೆದು ಪೂರ್ತಿ ಒಣಗಿಸಿ. ಅದರ ಮೇಲೆ ಸಿಲಿಕೋನನ್ನು ಕುಂಚದಿಂದ ಪದರ ಪದರವಾಗಿ ಬಳಿಯಿರಿ: ಎಡಕ್ಕೆ ಹೆಚ್ಚು, ಬಲಕ್ಕೆ ಕಡಿಮೆ, ಹೃತ್ಕರ್ಣಗಳಿಗೆ ಇನ್ನೂ ಕಡಿಮೆ. ಗಟ್ಟಿಯಾದ ಮೇಲೆ ಸೀಳಿ ಬಿಡಿಸಿಕೊಳ್ಳಿ. ಶೋರ್ 00-30ರಷ್ಟು ಮೆತ್ತನೆಯದನ್ನು ಕೇಳಿ ತರಿಸಿ. ಹೊಲಿಗೆ ಕಲಿಸುವುದಿದ್ದರೆ ಪದರಗಳ ನಡುವೆ ತೆಳುವಾದ, ಹಿಗ್ಗುವ ಜಾಲರಿ ಬಟ್ಟೆ ಇಡಲೇಬೇಕು. ಇಲ್ಲದಿದ್ದರೆ ದಾರ ಎಳೆದ ಕೂಡಲೇ ಸಿಲಿಕೋನ್ ಹರಿಯುತ್ತದೆ.

ಇಲ್ಲಿ ರಬ್ಬರ್ ತೋಟವಿರುವ ನರಸಿಂಹರಾಜಪುರದವರು ವಿಶೇಷವಾಗಿ ಕೇಳಬೇಕು. ಪ್ಲಾಟಿನಂ ಬಗೆಯ ಸಿಲಿಕೋನ್‌ಗೆ ಗಂಧಕ ತಾಗಿದರೆ ಅದು ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿದುಬಿಡುತ್ತದೆ. ಗಂಧಕ ಬೆರೆತ ಲೇಟೆಕ್ಸ್ ಕೈಗವಸು ಹಾಕಿ ಕಲಸಬೇಡಿ, ವಿನೈಲ್ ಕೈಗವಸು ಹಾಕಿ. ಸರಿಯಾಗಿ ಒಣಗದ ರೆಸಿನ್ ಅಚ್ಚಿನಲ್ಲೂ ಇದೇ ಗತಿ. ತೋಟದ ರಬ್ಬರ್ ಹಾಲು ಇದೆಯಲ್ಲ, ಅದರಲ್ಲೇ ಹೃದಯ ಎರೆಯೋಣ ಎಂಬ ಯೋಚನೆಯೂ ಬೇಡ: ಆರುತ್ತಾ ಕುಗ್ಗುತ್ತದೆ, ಅಳತೆ ತಪ್ಪುತ್ತದೆ, ಕೆಲವರಿಗೆ ಮುಟ್ಟಿದರೆ ಅಲರ್ಜಿ.

ರೆಸಿನ್ ಪ್ರಿಂಟರ್ ಶಾಲೆಗೆ ತರಬೇಡಿ. ಕವಾಟದ ಎಳೆಗಳಂಥ ಸಣ್ಣ ವಿವರ ಅದರಲ್ಲಿ ಚೆನ್ನಾಗಿ ಬರುತ್ತದೆ, ನಿಜ. ಆದರೆ ಹಸಿ ರೆಸಿನ್ ಚರ್ಮಕ್ಕೆ ಕೆಟ್ಟದ್ದು, ಜಲಚರಗಳಿಗೆ ವಿಷ. ಕಾಲೇಜಿನಲ್ಲಿ ಬಳಸುವುದಾದರೆ ನೈಟ್ರೈಲ್ ಕೈಗವಸು, ಕನ್ನಡಕ, ಗಾಳಿಯಾಡುವ ಕೋಣೆ ಕಡ್ಡಾಯ. ಮಾದರಿ ತೊಳೆದ ಆಲ್ಕೋಹಾಲನ್ನು ಬಚ್ಚಲಿಗೆ ಒಂದು ಹನಿಯೂ ಸುರಿಯಬಾರದು. ಬಚ್ಚಲ ನೀರು ಹಳ್ಳಕ್ಕೆ, ಹಳ್ಳ ತುಂಗೆಗೋ ಭದ್ರೆಗೋ. ಶೃಂಗೇರಿಯ ಮಠದ ಮೆಟ್ಟಿಲಲ್ಲಿ ನಾವು ಮಂಡಕ್ಕಿ ಹಾಕುವ ಮೀನುಗಳು ಇರುವುದು ಅದೇ ನೀರಿನಲ್ಲಿ. ಉಳಿಕೆಯನ್ನು ಮುಚ್ಚಿದ ಡಬ್ಬದಲ್ಲಿಟ್ಟು ರಾಸಾಯನಿಕ ತ್ಯಾಜ್ಯ ಒಯ್ಯುವವರಿಗೇ ಕೊಡಿ.

ಹೊರಗಿನ ದೊಡ್ಡ ಸುದ್ದಿಗಳನ್ನು ನೋಡಿ ಆಸೆಪಡಬೇಡಿ. ಸ್ಟ್ರಾಟಸಿಸ್ ಕಂಪನಿ 2019ರಲ್ಲಿ ಅಂಗಾಂಶದಂತೆ ವರ್ತಿಸುವ ಸಾಮಗ್ರಿಗಳಿಗೆಂದೇ ಪ್ರಿಂಟರ್ ತಂದಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2020ರಲ್ಲಿ ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್‌ನಲ್ಲಿ ಪೂರ್ಣ ಗಾತ್ರದ ಹೃದಯ ಮುದ್ರಿಸಿ ತೋರಿಸಿದರು. ಇವು ದೊಡ್ಡ ಆಸ್ಪತ್ರೆ, ಸಂಶೋಧನಾಲಯಗಳ ಕೆಲಸ. ನಮ್ಮ ದುಡ್ಡಿಗೆ ಸಿಲಿಕೋನೇ ಸರಿ.

ಮಾಡಬಾರದ್ದು: ಮಾದರಿ ಬಂತೆಂದು ಶವಚ್ಛೇದನ ಬಿಡಬೇಡಿ. ಶವವನ್ನು ಏಳು ರಾತ್ರಿ ನೀರಿನಲ್ಲಿರಿಸಿ, ಪದರ ಬಿಡಿಸಿ ಕಣ್ಣಾರೆ ನೋಡಬೇಕೆಂದು ವಿಧಿಸಿದ್ದು ಸುಶ್ರುತ ಸಂಹಿತೆ. ಅದನ್ನು ಓದುವ ವಿದ್ಯಾರ್ಥಿಗೆ ಸಿಲಿಕೋನ್ ಪೂರ್ವತಯಾರಿ ಮಾತ್ರ.

ಮಾಡಲೇಬಾರದ್ದು: ನೀವು ಮುದ್ರಿಸಿದ ಹೃದಯ ಹಿಡಿದು ರೋಗಿಯ ಮನೆಯವರಿಗೆ ಏನನ್ನೂ ನಿರ್ಧರಿಸಿ ಹೇಳಬೇಡಿ. ಹೃದಯದಲ್ಲಿ ರಂಧ್ರವಿರುವ ಮಗುವನ್ನು ಎತ್ತಿಕೊಂಡು ಘಾಟಿ ಇಳಿದು ಮಣಿಪಾಲಕ್ಕೋ, ಬೆಂಗಳೂರಿನ ಜಯದೇವ ಆಸ್ಪತ್ರೆಗೋ ಹೋಗುವ ತಂದೆತಾಯಿ ನಿಮ್ಮ ಮಾತನ್ನು ನಂಬಿಬಿಡುತ್ತಾರೆ. ತೆಳುವಾದ ಕವಾಟದ ಹಾಳೆಗಳು ಸಿಟಿ ಸ್ಕ್ಯಾನ್‌ನಲ್ಲಿ ಸರಿಯಾಗಿ ಮೂಡುವುದಿಲ್ಲ, ಎಷ್ಟೋ ಮಾದರಿಗಳಲ್ಲಿ ಅವನ್ನು ಕಂಪ್ಯೂಟರಿನಲ್ಲಿ ಕೈಯಿಂದ ಸೇರಿಸಿರುತ್ತಾರೆ. ಶಸ್ತ್ರಚಿಕಿತ್ಸೆಯ ಯೋಜನೆಗೆ ಬೇಕಾದ ಮಾದರಿ ಆಸ್ಪತ್ರೆಯ ತಜ್ಞರ ಕೈಯಲ್ಲೇ ಆಗಬೇಕು. ಯಾರದೇ ಸ್ಕ್ಯಾನ್ ಬಳಸುವುದಾದರೂ ಲಿಖಿತ ಒಪ್ಪಿಗೆ ಪಡೆಯಿರಿ, ಕಡತದೊಳಗೆ ಅಡಗಿರುವ ಹೆಸರು, ವಯಸ್ಸು ಅಳಿಸಿ, ವಾಟ್ಸ್ಯಾಪ್‌ನಲ್ಲಿ ಹಂಚಬೇಡಿ.

ಪ್ರತಿ ಮಾದರಿಯ ತಳದಲ್ಲಿ ಅಳಿಸದ ಶಾಯಿಯಲ್ಲಿ ಬರೆಯಿರಿ: ಸಾಮಗ್ರಿ ಯಾವುದು, ಗಾತ್ರ ನಿಜದ್ದೋ ಹಿಗ್ಗಿಸಿದ್ದೋ, ಕಡತ ಎಲ್ಲಿಂದ ಬಂತು, ಯಾವ ಭಾಗ ಊಹೆಯದು, ಮಾಡಿದ ತಿಂಗಳು. ಬಳಸಿದ ಮೇಲೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ. ಜೆಲ್‌ನ ಬಣ್ಣ ತಿರುಗಿದರೆ ಆ ದಿನವೇ ಬದಲಿಸಿ.