ಜೇಬಿನ ಚಾಕು: ಆರಿಸುವುದು ಹೇಗೆ, ಇಟ್ಟುಕೊಳ್ಳುವುದು ಹೇಗೆ?



ನೇಗಿಲು, ಕುಂಟೆ, ಕುಡುಗೋಲುಗಳ ಮಾತನ್ನು ಎಲ್ಲರೂ ಆಡುತ್ತಾರೆ. ದಿನಕ್ಕೆ ಹತ್ತು ಸಲ ಕೈಗೆ ಬರುವ ಜೇಬಿನ ಚಾಕುವಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಗೊಬ್ಬರದ ಚೀಲ ಬಿಚ್ಚಲು, ಬಾಳೆಯ ಒಣ ಎಲೆ ತೆಗೆಯಲು, ದಾರ ತುಂಡರಿಸಲು ಅದು ಬೇಕು. ಎತ್ತು ಕಾಲು ಜಾರಿ ಬಿದ್ದು ಕೊರಳಿನ ಹಗ್ಗ ಬಿಗಿದುಕೊಂಡರೆ ಗಂಟು ಬಿಚ್ಚುತ್ತ ಕೂರಲು ವೇಳೆ ಇರುವುದಿಲ್ಲ. ಮನೆಯ ಸೂರಿನಲ್ಲಿ ಸಿಕ್ಕಿಸಿದ ಕುಡುಗೋಲು ಆಗ ಕೈಗೆ ಎಟುಕದು. ಜೇಬಿನಲ್ಲಿ ಹರಿತವಾದ ಚಾಕು ಇದ್ದವನು ಎತ್ತನ್ನು ಉಳಿಸಿಕೊಂಡಾನು. ಆದರೆ ಅದೇ ಚಾಕು ಮೊಂಡಾಗಿದ್ದರೆ ಕೈ ಕೊಯ್ಯುತ್ತದೆ. ಹೊಲಸಾಗಿದ್ದರೆ ರೋಗ ಹೊರುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ಹೇಗೆಂದು ತಿಳಿಯೋಣ.

ಕೊಳ್ಳುವಾಗ

ಮಡಿಸುವ ಚಾಕುವೇ ಜೇಬಿಗೆ ಲೇಸು. ಅಲಗು 3 ಅಂಗುಲದಷ್ಟಿದ್ದರೆ ಸಾಕು. ಅಂಗಡಿಯಲ್ಲಿಯೇ ತೆರೆದು ನೋಡಿರಿ. ಅಲಗು ಅತ್ತಿತ್ತ ಅಲುಗಾಡಬಾರದು. ಮಡಿಸಿದಾಗ ಮೊನೆ ಹಿಡಿಯಿಂದ ಹೊರಗೆ ಇಣುಕಬಾರದು. ತೆರೆದ ಮೇಲೆ ತಾನಾಗಿ ಮಡಿಸಿಕೊಳ್ಳದಂತೆ ತಡೆಯುವ ಕೊಂಡಿ ಇದ್ದರೆ ಬೆರಳಿಗೆ ಕ್ಷೇಮ. ಹಿಡಿ ಒದ್ದೆ ಕೈಯಲ್ಲಿಯೂ ಜಾರದಂತೆ ತರಿತರಿಯಾಗಿರಲಿ.

ಸಾದಾ ಉಕ್ಕಿನ ಅಲಗು ಸಾಣೆಗೆ ಬೇಗ ಒಗ್ಗುತ್ತದೆ. ಆದರೆ ತೇವ ತಗಲಿದರೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕು ಅಷ್ಟು ಬೇಗ ಹತ್ತದು. ಮಳೆಯಲ್ಲಿ, ಗದ್ದೆಯಲ್ಲಿ ದುಡಿಯುವವರಿಗೆ ಎರಡನೆಯದೇ ಅನುಕೂಲ. ಕಸಿ ಕಟ್ಟುವ ಚಾಕು ಬೇರೆಯೇ ಇರಲಿ; ಅದರಿಂದ ಚೀಲ, ಹಗ್ಗ ಕೊಯ್ಯಬೇಡಿರಿ.

ಹರಿತವಾಗಿಡಿರಿ

ಮೊಂಡು ಚಾಕುವಿಗೆ ಬಲ ಹಾಕಬೇಕು. ಬಲ ಹಾಕಿದಾಗ ಅದು ಜಾರಿ ಕೈಗೆ ಬರುತ್ತದೆ. ಸಾಣೆಕಲ್ಲನ್ನು ನೀರಿನಿಂದ ನೆನೆಸಿ, ಮುಕ್ಕಾಲು ಅಂಗುಲ ಅಗಲದ ಅಲಗಾದರೆ ಅದರ ಬೆನ್ನನ್ನು ಕಲ್ಲಿನಿಂದ ಕಾಲು ಅಂಗುಲ ಮೇಲೆತ್ತಿ, ಎರಡು ಮಗ್ಗುಲನ್ನೂ ಸಮನಾಗಿ ಉಜ್ಜಿರಿ. ಹರಿತವನ್ನು ಬೆರಳಿನಿಂದ ಪರೀಕ್ಷಿಸದೆ ಹಳೆಯ ಕಾಗದದ ಅಂಚಿನ ಮೇಲೆ ಪರೀಕ್ಷಿಸಿರಿ. ಬಳಿಕ ಒರಸಿ, ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಡಿರಿ.

ಒಯ್ಯುವಾಗ, ಬಳಸುವಾಗ

ಚಾಕುವನ್ನು ಯಾವಾಗಲೂ ಮಡಿಸಿಯೇ ಇಟ್ಟುಕೊಳ್ಳಿರಿ. ಅಲಗು ತೆರೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಮರ ಹತ್ತಬಾರದು. ಹಿಡಿಯಲ್ಲಿ ತೂತಿದ್ದರೆ ದಾರ ಪೋಣಿಸಿ ಉಡಿದಾರಕ್ಕೋ ಗುಂಡಿಗೋ ಕಟ್ಟಿಕೊಂಡರೆ ಕಳೆದುಹೋಗದು. ಮೈಯಿಂದ ಆಚೆಗೆ ಕೊಯ್ಯಿರಿ. ಬೇರೆಯವರಿಗೆ ಕೊಡುವಾಗ ಮಡಿಸಿ ಕೊಡಿರಿ. ಎತ್ತಿನ ಕೊರಳಿನ ಹಗ್ಗ ಕೊಯ್ಯಬೇಕಾದರೆ ಚಾಕುವಿನ ಬೆನ್ನು ಕೊರಳ ಕಡೆಗೂ ಹರಿತವಾದ ಅಂಚು ಹೊರಕ್ಕೂ ಇರಲಿ.

ಸಂತೆಗೆ, ಜಾತ್ರೆಗೆ, ಕೋರ್ಟಿಗೆ ಹೋಗುವಾಗ ಚಾಕುವನ್ನು ಮನೆಯಲ್ಲಿಯೇ ಬಿಡಿರಿ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಚಾಕುಗಳು ಶಸ್ತ್ರಗಳ ಪಟ್ಟಿಗೆ ಸೇರಿವೆ. ಬೇಸಾಯಕ್ಕೂ ಮನೆಗೆಲಸಕ್ಕೂ ಮಾಡಿದವುಗಳನ್ನು ಅದರಿಂದ ಬಿಟ್ಟಿದ್ದಾರೆ. ನಿಮ್ಮದು ಕೆಲಸದ ಸಲಕರಣೆ. ಅದು ಹಾಗೆಯೇ ಉಳಿಯಲಿ, ಜಗಳದಲ್ಲಿ ಕೈಗೆ ಬರದಿರಲಿ.

ಗಿಡದಿಂದ ಗಿಡಕ್ಕೆ ರೋಗ

ದಾಳಿಂಬೆಯ ದುಂಡಾಣು ಅಂಗಮಾರಿ ರೋಗ ಸವರುವ ಕತ್ತರಿ, ಚಾಕುಗಳ ಮೂಲಕವೂ ಹರಡುತ್ತದೆ. ಕೂಳೆ ಕಬ್ಬನ್ನು ಗಿಡ್ಡಗಾಗಿಸುವ ರೋಗವೂ ಕತ್ತಿಯ ಅಲಗಿಗೆ ಅಂಟಿದ ರಸದಿಂದ ಒಂದು ಬುಡದಿಂದ ಇನ್ನೊಂದಕ್ಕೆ ದಾಟುತ್ತದೆ. ಕಣ್ಣಿಗೆ ಕಾಣದ ಈ ರಸದ ತೇವವೇ ತೋಟಕ್ಕೆ ಕುತ್ತು. ಆದುದರಿಂದ ಒಂದು ಗಿಡ ಸವರಿದ ಮೇಲೆ ಅಲಗಿನ ಮಣ್ಣು, ಅಂಟು ತೆಗೆದು, ಶೇಕಡ 70ರ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಚೆನ್ನಾಗಿ ಒರಸಿ, ಅದು ಆರಿದ ಮೇಲೆ ಮುಂದಿನ ಗಿಡಕ್ಕೆ ಹೋಗಿರಿ. ಸ್ಪಿರಿಟ್ ಹತ್ತಿರ ಬೀಡಿ ಸೇದಬೇಡಿರಿ. ರೋಗ ಕಂಡ ಗಿಡಗಳನ್ನು ಕೊನೆಗೆ ಸವರಿರಿ.

ಕರುವಿನ ಹೊಕ್ಕುಳ ಬಳ್ಳಿ ಕತ್ತರಿಸಬೇಕಾಗಿ ಬಂದರೆ ಜೇಬಿನ ಚಾಕುವನ್ನು ಹಾಗೆಯೇ ಬಳಸಬಾರದು. ನೀರಿನಲ್ಲಿ ಕುದಿಸಿದ ಕತ್ತರಿ ಬಳಸಿ, ಕತ್ತರಿಸಿದ ತುದಿಯನ್ನು ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಿರಿ.

ಕೈ ಕೊಯ್ದರೆ

ತುಕ್ಕೇ ಧನುರ್ವಾಯು ತರುತ್ತದೆಂದು ಹಲವರು ನಂಬಿದ್ದಾರೆ. ನಿಜವಾಗಿ ಆ ರೋಗದ ಅಣುಜೀವಿ ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ತುಕ್ಕಿಲ್ಲದ ಚಾಕುವಿಗೆ ಕೊಟ್ಟಿಗೆಯ ಮಣ್ಣು ಮೆತ್ತಿದ್ದರೂ ಅಪಾಯ ಅಷ್ಟೇ. ಗಾಯಕ್ಕೆ ಮಣ್ಣು, ಸಗಣಿ, ಸುಣ್ಣ ಮೆತ್ತಬೇಡಿರಿ. ಸೋಪು ಹಾಕಿ, ಹರಿಯುವ ಶುದ್ಧ ನೀರಿನಲ್ಲಿ ತೊಳೆಯಿರಿ. ಶುಭ್ರವಾದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಿರಿ. ಒಡನೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಟಿ.ಡಿ. ಚುಚ್ಚುಮದ್ದು ಯಾವಾಗ ಹಾಕಿಸಿದ್ದೆಂದು ವೈದ್ಯರಿಗೆ ಹೇಳಿರಿ. ಬೆರಳು ಮಡಿಸಲಾಗದಿದ್ದರೆ ಅಥವಾ ತುದಿ ಜೋಮು ಹಿಡಿದಿದ್ದರೆ ಗಾಯ ಚಿಕ್ಕದೆಂದು ಸುಮ್ಮನಿರಬೇಡಿರಿ. ನರವೋ ಸ್ನಾಯುವಿನ ತಂತುವೋ ಕಡಿದಿರಬಹುದು.

ಈ ಸಂಜೆಯೇ ನಿಮ್ಮ ಚಾಕುವನ್ನು ತೆರೆದು ನೋಡಿರಿ. ಕೀಲು ಸಡಿಲವೇ? ಬಾಯಿ ಮೊಂಡೇ? ಅಲಗಿನಲ್ಲಿ ನಿನ್ನೆಯ ಅಂಟು ಉಳಿದಿದೆಯೇ? ಸರಿಪಡಿಸಲು ಅರ್ಧ ಗಂಟೆ ಸಾಕು. ಬೆಳಿಗ್ಗೆ ಹೊಲಕ್ಕೆ ಹೊರಡುವಾಗ ನಂಬಬಹುದಾದ ಚಾಕು ನಿಮ್ಮ ಜೇಬಿನಲ್ಲಿರಲಿ.